ಹೆಲ್ಸಿಂಕಿಯ ಚಳಿಗೆ ಎಷ್ಟು ಬಟ್ಟೆ ಸಾಕು?

ಓದಲೋ ಕೆಲಸಕ್ಕೋ ಫಿನ್‌ಲ್ಯಾಂಡಿಗೆ ಹೊರಟವರ ಮನೆಗಳಲ್ಲಿ ವೀಸಾ ಕೈಗೆ ಬಂದ ಮರುದಿನದಿಂದಲೇ ಬಟ್ಟೆಯ ಚಿಂತೆ ಶುರುವಾಗುತ್ತದೆ. ಅಂಗಡಿಯಲ್ಲಿ ಸಿಕ್ಕಿದ್ದರಲ್ಲಿ ಅತಿ ದಪ್ಪನೆಯ ಜರ್ಕಿನ್ನು, ನಾಲ್ಕಾರು ಸ್ವೆಟರು, ಮಂಕಿ ಕ್ಯಾಪು, ಮಫ್ಲರು ಎಲ್ಲವೂ ಸೂಟ್‌ಕೇಸು ಸೇರುತ್ತವೆ. ಚಳಿ ಹೆಚ್ಚಿದಷ್ಟೂ ಬಟ್ಟೆ ಹೆಚ್ಚು ಬೇಕು, ಬಟ್ಟೆ ದಪ್ಪವಾದಷ್ಟೂ ಒಳ್ಳೆಯದು ಎನ್ನುವ ಲೆಕ್ಕ ನಮ್ಮ ಹವೆಯಲ್ಲಿ ಬೆಳೆದವರಿಗೆ ಸಹಜ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಸೊನ್ನೆಯ ಕೆಳಗಿನ ಚಳಿಯನ್ನು ಲೆಕ್ಕ ಹಾಕುವ ಅಭ್ಯಾಸ ನಮಗೆ ಬರುವುದಾದರೂ ಹೇಗೆ? ಆದರೆ ಹೆಲ್ಸಿಂಕಿಯಂಥ ಊರಿನಲ್ಲಿ ಈ ಲೆಕ್ಕ ಎರಡು ಕಡೆಯಿಂದಲೂ ತಪ್ಪುತ್ತದೆ. ಅಲ್ಲಿಗೆ ಬೇಕಾದದ್ದು ಕಡಿಮೆ ಬಟ್ಟೆ, ಬಹುಪಾಲು ತೆಳು ಬಟ್ಟೆ, ಒಂದರ ಮೇಲೊಂದು ಸರಿಯಾಗಿ ಕೂರುವ ಬಟ್ಟೆ. ಇದನ್ನು ಸರಳ ಜೀವನದ ಆದರ್ಶವೆಂದು ಹೇಳುತ್ತಿಲ್ಲ. ಆ ಊರಿನ ಹವೆ, ಮನೆ, ಓಡಾಟ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬೇರೆ ತೀರ್ಮಾನಕ್ಕೆ ಬರಲು ದಾರಿಯೇ ಇಲ್ಲ.

ಮೊದಲು ಹವೆ. ಹೆಲ್ಸಿಂಕಿ ಇರುವುದು 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಭೂಪಟ ನೋಡಿದವರು ಸೈಬೀರಿಯದ ಚಳಿಯನ್ನು ನಿರೀಕ್ಷಿಸುತ್ತಾರೆ. ಆದರೆ ಊರಿನ ಮೂರು ದಿಕ್ಕಿಗೂ ಬಾಲ್ಟಿಕ್ ಸಮುದ್ರವಿದೆ, ಅದು ಚಳಿಯ ಮೊನೆಯನ್ನು ಸಾಕಷ್ಟು ಮೊಂಡು ಮಾಡುತ್ತದೆ. ಜನವರಿ, ಫೆಬ್ರವರಿಗಳ ಸರಾಸರಿ ಉಷ್ಣಾಂಶ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗೆ, ಅಷ್ಟೇ. ಮೈನಸ್ 20ರ ದಿನಗಳು ಬಂದರೂ ಬಹಳ ದಿನ ನಿಲ್ಲುವುದಿಲ್ಲ. ನವೆಂಬರಿನ ಸರಾಸರಿ ಸೊನ್ನೆಗಿಂತ ತುಸು ಮೇಲೆ, ಡಿಸೆಂಬರಿನದು ಸೊನ್ನೆಯ ಆಸುಪಾಸು, ಮಾರ್ಚಿನದೂ ಹಾಗೆಯೇ. ಅಂದರೆ ಐದು ತಿಂಗಳ ಕಾಲ ಊರು ಸೊನ್ನೆಯ ಗೆರೆಯ ಮೇಲೂ ಕೆಳಗೂ ತೂಗಾಡುತ್ತದೆ. ಬೆಳಿಗ್ಗೆ ಬಿದ್ದ ಹಿಮ ಮಧ್ಯಾಹ್ನ ಕರಗಿ ರಾಡಿಯಾಗುತ್ತದೆ, ರಾತ್ರಿ ಅದೇ ರಾಡಿ ಗಾಜಿನಂಥ ಮಂಜುಗಡ್ಡೆಯಾಗುತ್ತದೆ. ಒಣಹಿಮ ಬಿದ್ದ ಮೈನಸ್ 10ರ ದಿನ, ಬಟ್ಟೆ ಸರಿಯಿದ್ದವರಿಗೆ, ನಿಜಕ್ಕೂ ಹಿತವಾದ ದಿನ. ಮಳೆಯೋ ಹಿಮವೋ ಹೇಳಲಾಗದ ಏನೋ ಒಂದು ಅಡ್ಡಡ್ಡವಾಗಿ ಬೀಸಿ ಬರುವ ಪ್ಲಸ್ 1 ಡಿಗ್ರಿಯ ದಿನವೇ ಕಷ್ಟದ್ದು. ಸಮುದ್ರದ ಗಾಳಿಯದು ಬೇರೆಯದೇ ಲೆಕ್ಕ: ಮೈನಸ್ 5ರಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 13ರಂತೆ ತಾಗುತ್ತದೆ. ಹಾಗಾಗಿ ಅಲ್ಲಿನ ಉಡುಪು ಎದುರಿಸಬೇಕಾದದ್ದು ಮೊದಲು ತೇವವನ್ನು, ನಂತರ ಗಾಳಿಯನ್ನು. ಕೊರೆಯುವ ಒಣಚಳಿಯ ಸರದಿ ಮೂರನೆಯದು. ನಮ್ಮಲ್ಲಿ ಕೊಳ್ಳುವ ದಪ್ಪ ಜರ್ಕಿನ್ನುಗಳು ಈ ಮೂರನೆಯದಕ್ಕಷ್ಟೇ ಉತ್ತರ.

ಎರಡನೆಯದು ಮನೆ. ಹೆಲ್ಸಿಂಕಿಯ ಬಹುಪಾಲು ಕಟ್ಟಡಗಳನ್ನು ಬೆಚ್ಚಗಿಡುವುದು ಊರಿಗೆಲ್ಲ ಒಂದೇ ಜಾಲವಾಗಿ ಹರಿಯುವ ಬಿಸಿನೀರಿನ ಕೊಳವೆಗಳು. ಮೂರು ಪದರದ ಗಾಜಿನ ಕಿಟಕಿಗಳ ಒಳಗೆ ಚಳಿಗಾಲವಿಡೀ ಸುಮಾರು 21 ಡಿಗ್ರಿ ಇರುತ್ತದೆ. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ನಾವು ಮನೆಯೊಳಗೂ ಸ್ವೆಟರು ಹಾಕಿಕೊಂಡಿರುತ್ತೇವೆ. ಅಲ್ಲಿ ಹೊರಗೆ ಮೈನಸ್ 8 ಇರುವಾಗ ಒಳಗೆ ಅಂಗಿಯ ತೋಳು ಮಡಚಿ ಕೂರುತ್ತಾರೆ. ಮನೆಯಿಂದ ನಿಲ್ದಾಣ, ಟ್ರಾಮು, ಕಚೇರಿ, ಊಟದ ಜಾಗ, ಗ್ರಂಥಾಲಯ, ಅಂಗಡಿ, ಮತ್ತೆ ಮನೆ: ಹೀಗೆ ಒಬ್ಬ ಮನುಷ್ಯ ದಿನಕ್ಕೆ ಹತ್ತಾರು ಸಲ 25 ಡಿಗ್ರಿಯಷ್ಟು ಅಂತರವನ್ನು ದಾಟುತ್ತಾನೆ. ಅದಕ್ಕೇ ಶಾಲೆ, ಕಚೇರಿ, ರಂಗಮಂದಿರ, ವಸ್ತುಸಂಗ್ರಹಾಲಯಗಳ ಬಾಗಿಲಲ್ಲೇ ಕೋಟು ತೂಗುಹಾಕುವ ಗೂಟಗಳ ಸಾಲು, ಮನೆಯ ಹೊಸ್ತಿಲಲ್ಲೇ ಬೂಟು ಕಳಚುವ ಜಾಗ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವುದು ನಮಗೂ ಅವರಿಗೂ ಸಮಾನ.

ಮೂರನೆಯದು ಓಡಾಟ. ಸುಮ್ಮನೆ ಕುಳಿತ ದೇಹ ಹುಟ್ಟಿಸುವ ಶಾಖವನ್ನು ಒಂದು ಎಂದುಕೊಂಡರೆ, ನಿಂತಾಗ ಅದು 1.2, ಗಂಟೆಗೆ ನಾಲ್ಕು ಕಿಲೋಮೀಟರಿಗೆ ತುಸು ಮೀರಿದ ವೇಗದಲ್ಲಿ ನಡೆದಾಗ ಸುಮಾರು 2.6. ಟ್ರಾಮಿಗಾಗಿ ಹತ್ತು ನಿಮಿಷ ನಿಂತವನಿಗೆ ಸಾಲದ ಕೋಟು ಓಡಿ ಬಂದು ಟ್ರಾಮು ಹಿಡಿದವನಿಗೆ ಹೆಚ್ಚಾಗುತ್ತದೆ. ಹೆಚ್ಚಾದರೆ ಬೆವರುತ್ತೇವೆ, ಬೆವರಿದರೆ ಒಳಬಟ್ಟೆ ಒದ್ದೆಯಾಗುತ್ತದೆ, ಒದ್ದೆ ಮೈಯಲ್ಲಿ ಮುಂದಿನ ನಿಲ್ದಾಣದಲ್ಲಿ ನಿಂತಾಗ ನಡುಕ ಹುಟ್ಟುತ್ತದೆ. ಹೊಸದಾಗಿ ಹೋದವರು ಅಲ್ಲಿ ಚಳಿಯಿಂದ ನಡುಗುವುದಕ್ಕೆ ಬಟ್ಟೆ ಕಡಿಮೆಯಾದದ್ದು ಎಷ್ಟು ಕಾರಣವೋ ಬೆವರಿದ್ದೂ ಅಷ್ಟೇ ಕಾರಣ. ಇದಕ್ಕೆ ದಪ್ಪ ಬಟ್ಟೆಯೊಂದು ಪರಿಹಾರವಾಗಲಾರದು, ಏಕೆಂದರೆ ಅದನ್ನು ತೊಡಬಹುದು ಇಲ್ಲವೇ ಕಳಚಬಹುದು, ನಡುವಣ ಸ್ಥಿತಿ ಅದಕ್ಕಿಲ್ಲ. ನಾಲ್ಕು ತೆಳು ಪದರಗಳಿಗೆ ನಡುವಣ ಸ್ಥಿತಿಗಳು ಹಲವಾರು.

ಪದರ ಎನ್ನುವುದರ ಹಿಂದೆ ಸರಳವಾದ ಭೌತವಿಜ್ಞಾನವಿದೆ. ಬಟ್ಟೆಗೆ ಸ್ವಂತ ಬಿಸಿಯಿಲ್ಲ. ಅದು ಮಾಡುವುದು ದೇಹದ ಶಾಖದಿಂದ ಬೆಚ್ಚಗಾದ ಗಾಳಿಯನ್ನು ಅಲ್ಲಾಡದಂತೆ ಹಿಡಿದಿಡುವ ಕೆಲಸ. ನಿಂತ ಗಾಳಿ ಶಾಖವನ್ನು ಬಹಳ ನಿಧಾನವಾಗಿ ದಾಟಿಸುತ್ತದೆ. ನೀರು ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಮೀರಿದ ವೇಗದಲ್ಲಿ ದಾಟಿಸುತ್ತದೆ. ಗಾಳಿಯ ಜಾಗದಲ್ಲಿ ನೀರು ತುಂಬಿಕೊಂಡ ಬಟ್ಟೆ ಎಷ್ಟು ದಪ್ಪವಿದ್ದರೂ ಪ್ರಯೋಜನವಿಲ್ಲ. 1941ರಲ್ಲಿ ಗ್ಯಾಗಿ, ಬರ್ಟನ್, ಬ್ಯಾಜೆಟ್ ಎಂಬ ಮೂವರು ವಿಜ್ಞಾನಿಗಳು ಬಟ್ಟೆಯ ಬೆಚ್ಚನೆಗೆ ‘ಕ್ಲೊ’ ಎಂಬ ಅಳತೆ ಗೊತ್ತುಮಾಡಿದರು. 21 ಡಿಗ್ರಿಯ ಕೋಣೆಯಲ್ಲಿ ಸುಮ್ಮನೆ ಕುಳಿತವರನ್ನು ಹಿತವಾಗಿಡುವ ಉಡುಪು, ಸರಿಸುಮಾರು ಒಂದು ಸೂಟಿನಷ್ಟು, ಒಂದು ಕ್ಲೊ. ಅಳತೆಯ ಉಪಯೋಗ ಏನೆಂದರೆ ಒಂದರ ಮೇಲೊಂದು ತೊಟ್ಟ ಬಟ್ಟೆಗಳ ಬೆಚ್ಚನೆಯನ್ನು ಹೆಚ್ಚುಕಡಿಮೆ ಕೂಡಿಸಬಹುದು, ಪದರಗಳ ನಡುವಿನ ಗಾಳಿಯೂ ಲೆಕ್ಕಕ್ಕೆ ಸೇರುತ್ತದೆ. ಇದು ನಮ್ಮ ನಾಡಿಗೆ ತಿಳಿಯದ ಸಂಗತಿಯೇನೂ ಅಲ್ಲ. ಚಳ್ಳಕೆರೆಯ ಕಡೆಯ ಕುರಿಗಾಹಿಯ ಹೆಗಲ ಮೇಲಿನ ಕರಿ ಕಂಬಳಿ, ಮಲೆನಾಡಿನ ಮಳೆಯಲ್ಲಿ ಗದ್ದೆ ನಾಟಿ ಮಾಡುವವರು ತಲೆಯಿಂದ ಇಳಿಬಿಟ್ಟ ಕಂಬಳಿ ಕೊಪ್ಪೆ ಎರಡೂ ಇದೇ ವಿಜ್ಞಾನದ ಮೇಲೆ ನಿಂತಿವೆ: ಉಣ್ಣೆ ತೇವವಾದರೂ ತನ್ನೊಳಗಿನ ಗಾಳಿಯನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ.

ಈಗ ‘ಕ್ಯಾಪ್ಸೂಲ್ ವಾರ್ಡ್‌ರೋಬ್’ ಎಂಬ ಪರಿಕಲ್ಪನೆಯ ಮಾತು. ಪರಸ್ಪರ ಹೊಂದುವ ಕೆಲವೇ ಒಳ್ಳೆಯ ಉಡುಪುಗಳಲ್ಲಿ ಬದುಕಿನ ಎಲ್ಲ ಸಂದರ್ಭಗಳನ್ನೂ ನಿಭಾಯಿಸಬೇಕೆಂಬ ಈ ವಿಚಾರವನ್ನು 1970ರ ದಶಕದಲ್ಲಿ ಜನಪ್ರಿಯಗೊಳಿಸಿದವರು ಲಂಡನ್ನಿನ ಉಡುಪಿನಂಗಡಿಯ ಒಡತಿ ಸೂಸಿ ಫೋ. 1985ರಲ್ಲಿ ನ್ಯೂಯಾರ್ಕಿನ ವಿನ್ಯಾಸಕಿ ಡೋನಾ ಕ್ಯಾರನ್ ಉದ್ಯೋಗಸ್ಥ ಮಹಿಳೆಯರಿಗಾಗಿ ‘ಏಳು ಸುಲಭ ಉಡುಪು’ಗಳ ಸಂಗ್ರಹವನ್ನು ತಂದರು. 2010ರಲ್ಲಿ ಅಮೆರಿಕದ ಕೋರ್ಟ್ನಿ ಕಾರ್ವರ್ ಮೂರು ತಿಂಗಳಿಗೆ 33 ವಸ್ತು ಎಂಬ ನಿಯಮ ಹಾಕಿಕೊಟ್ಟರು. ಈ ಮೂರರಲ್ಲೂ ಬಟ್ಟೆಯನ್ನು ಮುಖ್ಯವಾಗಿ ಕಣ್ಣಿಗೆ ಕಾಣುವ ವಸ್ತುವೆಂದೇ ಎಣಿಸಲಾಗಿದೆ. ಬಣ್ಣಕ್ಕೆ ಬಣ್ಣ ಹೊಂದಬೇಕು, ಸ್ಕರ್ಟಿಗೆ ಜಾಕೆಟ್ಟು ಒಪ್ಪಬೇಕು. ಹೆಲ್ಸಿಂಕಿಯಲ್ಲಿ ಹೊಂದಾಣಿಕೆಯ ಮೊದಲ ಪ್ರಶ್ನೆ ಬೇರೆ: ಈ ಸ್ವೆಟರಿನ ಮೇಲೆ ಆ ಕೋಟು ಬಿಗಿಯಾಗದೆ ಕೂರುತ್ತದೆಯೇ, ಈ ಕಾಲುಚೀಲದೊಂದಿಗೆ ಆ ಬೂಟಿನೊಳಗೆ ಬೆರಳು ಆಡುತ್ತದೆಯೇ? ಹಾಗಾಗಿ ಸಂಖ್ಯೆಯ ನಿಯಮಗಳನ್ನು ಅಲ್ಲಿಗೆ ಹೊತ್ತೊಯ್ಯುವುದು ವ್ಯರ್ಥ. ಕೈಗವಸು, ಟೋಪಿ, ಉದ್ದ ಒಳಚಡ್ಡಿಗಳನ್ನೆಲ್ಲ 33ರೊಳಗೆ ತುರುಕಲು ಹೋದವರು ಕೊನೆಗೆ ಬೇಕಾದದ್ದನ್ನೇ ಬಿಡಬೇಕಾಗುತ್ತದೆ. ಎಣಿಸಬೇಕಾದದ್ದು ಒಂದು ಉಡುಪು ಎಷ್ಟು ಉಡುಪುಗಳ ಒಳಗೂ ಮೇಲೂ ಕೂರುತ್ತದೆ ಎಂಬುದನ್ನು.

ಮೈಗೆ ತಾಗುವ ಪದರದಿಂದ ಶುರು ಮಾಡೋಣ. ಹತ್ತಿ ನಮ್ಮ ಹವೆಯ ರಾಜ, ಅಲ್ಲಿನ ಚಳಿಗೆ ಅದೇ ತೊಡಕು: ಬೆವರನ್ನು ಹೀರಿಕೊಂಡು ಮೈಗಂಟಿ ತಣ್ಣಗೆ ಕೂರುತ್ತದೆ. ಇದಕ್ಕೆ ಬದಲು ತೆಳುವಾದ ಮೆರಿನೊ ಉಣ್ಣೆಯ ಉದ್ದ ತೋಳಿನ ಬನಿಯನ್ ಮತ್ತು ಕಣಕಾಲಿನವರೆಗಿನ ಒಳಚಡ್ಡಿ ಬೇಕು. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೆ ಇಟ್ಟುಕೊಂಡೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ, ತೇವ ಹೀರುವಾಗ ತುಸು ಶಾಖವನ್ನೂ ಬಿಡುತ್ತದೆ. ಉಣ್ಣೆ ಚುಚ್ಚುತ್ತದೆ ಎಂಬ ನಮ್ಮವರ ದೂರು ಎಳೆಯ ದಪ್ಪಕ್ಕೆ ಸಂಬಂಧಿಸಿದ್ದು. 30 ಮೈಕ್ರಾನಿಗಿಂತ ದಪ್ಪನೆಯ ಎಳೆ ಚರ್ಮವನ್ನು ಕೆರಳಿಸುತ್ತದೆ, ನಮ್ಮ ಕಂಬಳಿಯ ದಖನಿ ಉಣ್ಣೆ ಈ ಒರಟು ಬಗೆಯದು. ಮೆರಿನೊ ಒಳಉಡುಪಿನ ಎಳೆ ಸಾಮಾನ್ಯವಾಗಿ 20 ಮೈಕ್ರಾನಿಗಿಂತ ನಯ, ಅದು ಚುಚ್ಚುವುದು ಅಪರೂಪ. ಇನ್ನೊಂದು ಗುಣವನ್ನು ಚಿಕ್ಕ ಸಂಗ್ರಹ ಕಟ್ಟುವವರು ಮರೆಯಬಾರದು: ಉಣ್ಣೆ ಬೇಗ ವಾಸನೆ ಹಿಡಿಯುವುದಿಲ್ಲ. ಒಂದು ದಿನ ತೊಟ್ಟು ರಾತ್ರಿ ಗಾಳಿಗೆ ಹರವಿದರೆ ಮತ್ತೆರಡು ದಿನ ತೊಡಬಹುದು. ಹಾಗಾಗಿ ಇಂಥ ಮೂರು ಬನಿಯನ್, ಎರಡು ಉದ್ದ ಒಳಚಡ್ಡಿ ಒಂದು ಚಳಿಗಾಲಕ್ಕೆ ಧಾರಾಳ.

ನಡುವಿನ ಪದರದ ಕೆಲಸ ಗಾಳಿಯನ್ನು ಹಿಡಿಯುವುದು. ಒಂದು ತೆಳು ಉಣ್ಣೆ ಸ್ವೆಟರು, ಒಂದು ದಪ್ಪನೆಯದು, ಜೊತೆಗೆ ಫ್ಲೀಸಿನದೋ ತೆಳು ತುಂಬಿನದೋ ಮುಂದೆ ಜಿಪ್ ಇರುವ ಒಂದು ಜಾಕೆಟ್ಟು ಇದ್ದರೆ ಸಾಕು. ಜಿಪ್ ಮುಖ್ಯ, ಟ್ರಾಮಿನೊಳಗೆ ಪೂರ್ತಿ ಕಳಚದೆ ಎದೆ ತೆರೆದು ಶಾಖ ಬಿಡಬಹುದು. ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಚಳಿ ಬರುತ್ತಿದ್ದಂತೆ ನಮ್ಮ ಊರುಗಳ ರಸ್ತೆಬದಿಯಲ್ಲಿ ಟಿಬೆಟನ್ ವ್ಯಾಪಾರಿಗಳು ಮಾರುವ ಸ್ವೆಟರುಗಳಲ್ಲಿ ಹೆಚ್ಚಿನವು ಅಕ್ರಿಲಿಕ್ಕಿನವು. ಧಾರವಾಡದ ಬೆಳಗಿನ ಚಳಿಗೆ ಅವು ಅಚ್ಚುಕಟ್ಟು. ಹೆಲ್ಸಿಂಕಿಯಲ್ಲಿ ಅವುಗಳಿಂದ ತೊಂದರೆಯೇನಿಲ್ಲ, ಆದರೆ ಅಷ್ಟೇ ದಪ್ಪದ ಉಣ್ಣೆಯಂತೆ ಅವು ತೇವವನ್ನು ಸಂಭಾಳಿಸಲಾರವು. ಚಳಿಗಾಲದ ಒಣ ಒಳಾಂಗಣದಲ್ಲಿ ಕಳಚುವಾಗ ಚಟಪಟ ವಿದ್ಯುತ್ ಕಿಡಿ ಬೇರೆ. ಇದ್ದರೆ ಒಂದನ್ನು ಒಯ್ಯಿರಿ, ನಾಲ್ಕನ್ನು ಕೊಂಡು ಹೊರಬೇಡಿ.

ಹೊರಪದರದಲ್ಲೇ ಎಲ್ಲರೂ ಹೆಚ್ಚು ಹಣ ಸುರಿಯುವುದು, ಹೆಚ್ಚು ತಪ್ಪುವುದೂ ಅಲ್ಲೇ. ಫಿನ್‌ಲ್ಯಾಂಡಿನ ಅಂಗಡಿಗಳಲ್ಲಿ ಚಳಿಗಾಲದ ಕೋಟಿನ ಜೊತೆಗೆ ‘ವಾಲಿಕೌಸಿ’ ಎಂಬ ಪ್ರತ್ಯೇಕ ವರ್ಗವೇ ಇದೆ: ಎರಡು ಋತುಗಳ ನಡುವಿನ ಕಾಲಕ್ಕೆ ತೊಡುವಂಥದ್ದು. ಅಲ್ಲಿನವರು ಸೆಪ್ಟೆಂಬರಿನಿಂದ ನವೆಂಬರಿನ ಕೊನೆಯವರೆಗೆ, ಮತ್ತೆ ಮಾರ್ಚಿನ ಕೊನೆಯಿಂದ ಮೇವರೆಗೆ ತೊಡುವುದು ಇದನ್ನೇ. ನೀರು, ಗಾಳಿ ಎರಡನ್ನೂ ತಡೆಯುವ, ಅಸ್ತರು ಇಲ್ಲದ ಅಥವಾ ತೆಳು ಅಸ್ತರಿನ ಈ ಜಾಕೆಟ್ಟು ವರ್ಷದಲ್ಲಿ ಅತಿ ಹೆಚ್ಚು ದಿನ ಮೈಮೇಲಿರುವ ಹೊರ ಉಡುಪು. ಒಳಗೆ ದಪ್ಪ ಸ್ವೆಟರೂ ಫ್ಲೀಸೂ ಇದ್ದರೆ ಸೊನ್ನೆಯ ಆಸುಪಾಸಿನ ಒದ್ದೆ ದಿನಗಳಿಗೂ ಇದೇ ಆಗುತ್ತದೆ. ನಮ್ಮವರು ಕೊಳ್ಳುವುದನ್ನೇ ಮರೆಯುವ ಉಡುಪೂ ಇದೇ. ಇನ್ನೊಂದು, ತೊಡೆಯ ನಡುವಿನವರೆಗೆ ಬರುವ, ಟೋಪಿ ಹೊಲಿದ ಚಳಿಗಾಲದ ಕೋಟು. ಅದರೊಳಗೆ ಹಕ್ಕಿಯ ತುಪ್ಪಳವೋ ಸಿಂಥೆಟಿಕ್ ತುಂಬುವೋ ಎಂಬ ಚರ್ಚೆಯಲ್ಲಿ ತೂಕಕ್ಕೆ ತಕ್ಕ ಬೆಚ್ಚನೆಗೆ ತುಪ್ಪಳವೇ ಮುಂದು. ಆದರೆ ತುಪ್ಪಳ ನೆನೆದರೆ ಮುದ್ದೆಗಟ್ಟುತ್ತದೆ, ಸಿಂಥೆಟಿಕ್ ತುಂಬು ನೆನೆದರೂ ಒಂದಿಷ್ಟು ಕೆಲಸ ಮಾಡುತ್ತದೆ. ಒಣಚಳಿಯ ಲ್ಯಾಪ್‌ಲ್ಯಾಂಡಿಗೆ ತುಪ್ಪಳ ಸರಿ. ಹೆಲ್ಸಿಂಕಿಯ ಒದ್ದೆ ಚಳಿಗೆ, ನೀರು ತಡೆಯುವ ಹೊರಬಟ್ಟೆ ಇಲ್ಲದಿದ್ದರೆ, ಸಿಂಥೆಟಿಕ್ ಹೆಚ್ಚು ನಂಬಿಕೆಯದು. ಯಾವುದೇ ಆದರೂ ದಪ್ಪ ಸ್ವೆಟರು ತೊಟ್ಟುಕೊಂಡೇ ಅಳತೆ ನೋಡಬೇಕು. ಕೋಟು ಬಿಗಿಯಾಗಿ ಒಳಪದರಗಳನ್ನು ಅಮುಕಿದರೆ ಅವು ಹಿಡಿದಿಟ್ಟ ಗಾಳಿಯೇ ಹೊರಟುಹೋಗುತ್ತದೆ.

ಕಾಲಿನ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ದೇಹ ತಣ್ಣಗಾದಾಗ ಮಿದುಳು, ಹೃದಯಗಳನ್ನು ಕಾಯಲು ಮೊದಲು ರಕ್ತ ಕಡಿತವಾಗುವುದು ಕೈಕಾಲಿನ ಬೆರಳುಗಳಿಗೆ. ಅದರ ಮೇಲೆ ಪಾದ ನಿಂತಿರುವುದು ಹೆಪ್ಪುಗಟ್ಟಿದ ನೆಲದ ಮೇಲೆ, ಅಡಿಯಿಂದ ಶಾಖ ನೇರವಾಗಿ ಸೋರುತ್ತದೆ. ಹೆಲ್ಸಿಂಕಿಯ ಕಾಲುದಾರಿಗಳಲ್ಲಿ ಮಂಜುಗಡ್ಡೆಯ ಮೇಲೆ ಜಲ್ಲಿ ಹುಡಿ ಚೆಲ್ಲುತ್ತಾರೆ, ಮುಖ್ಯ ರಸ್ತೆಗಳಿಗೆ ಉಪ್ಪು ಹಾಕುತ್ತಾರೆ. ಉಪ್ಪು ಬೆರೆತ ರಾಡಿ ನಯವಾದ ಚರ್ಮದ ಷೂಗಳನ್ನು ಒಂದೇ ಚಳಿಗಾಲದಲ್ಲಿ ಮುಗಿಸುತ್ತದೆ. ಬೇಕಾದದ್ದು ಕಣಕಾಲು ಮುಚ್ಚುವ, ನೀರು ಹೊಗದ, ದಪ್ಪ ಅಟ್ಟೆಯ ಬೂಟು. ಅಟ್ಟೆಯ ರಬ್ಬರು ಚಳಿಗೆ ಗಡುಸಾಗದೆ ಮೆತ್ತಗುಳಿಯುವಂಥದ್ದಿರಬೇಕು. ಉಣ್ಣೆ ಕಾಲುಚೀಲ ಹಾಕಿದ ಮೇಲೂ ಬೆರಳು ಆಡುವಷ್ಟು, ಅಂದರೆ ಮಾಮೂಲಿಗಿಂತ ಅರ್ಧದಿಂದ ಒಂದು ಅಳತೆ ದೊಡ್ಡದು ಕೊಳ್ಳಬೇಕು. ಬಿಗಿ ಬೂಟಿನೊಳಗೆ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತಸಂಚಾರವೂ ನಿಂತು ಗಾಳಿಯೂ ಇಲ್ಲದೆ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಒಳಗೆ ಉಣ್ಣೆಯ ಗಟ್ಟಿ ಹಾಸು ಹಾಕಿದರೆ ಅಡಿಯ ಸೋರಿಕೆ ಬಹಳಷ್ಟು ನಿಲ್ಲುತ್ತದೆ. ಜಾರುವ ದಿನಗಳಿಗೆಂದು ಅಟ್ಟೆಯಲ್ಲಿ ಲೋಹದ ಮೊಳೆಗಳಿರುವ ಬೂಟುಗಳನ್ನೂ, ಮಾಮೂಲಿ ಬೂಟಿನ ಮೇಲೆ ಎಳೆದು ತೊಡುವ ಮೊಳೆಪಟ್ಟಿಗಳನ್ನೂ ಅಲ್ಲಿ ಮಾರುತ್ತಾರೆ. ಮೊಣಕೈ ಮುರಿದುಕೊಳ್ಳುವುದಕ್ಕಿಂತ ಅವು ಎಷ್ಟೋ ಅಗ್ಗ. ನಾವೆಲ್ಲ ಮೊಬೈಲಿನಿಂದ ಬಲ್ಲ ನೋಕಿಯಾ ಒಂದು ಕಾಲದಲ್ಲಿ ರಬ್ಬರು ಬೂಟನ್ನೂ ತಯಾರಿಸುತ್ತಿತ್ತು. 1967ರಲ್ಲಿ ಒಂದಾದ ಮೂರು ಕಂಪನಿಗಳಲ್ಲಿ ಒಂದು ಫಿನ್ನಿಷ್ ರಬ್ಬರ್ ವರ್ಕ್ಸ್. ಒದ್ದೆ ನೆಲದ ದೇಶದಲ್ಲಿ ಬೂಟು ದೊಡ್ಡ ಉದ್ಯಮವಾಗಿದ್ದರಲ್ಲಿ ಆಶ್ಚರ್ಯವಿಲ್ಲ.

ಕೈಗೆ ಬೆರಳು ಬಿಡಿಸಿದ ಗವಸಿಗಿಂತ ನಾಲ್ಕು ಬೆರಳೂ ಒಟ್ಟಿಗಿರುವ ಗವಸು ಬೆಚ್ಚಗೆ. ಫೋನು ಬಳಸಲು ಒಳಗೊಂದು ತೆಳು ಗವಸು, ಮೇಲೊಂದು ಗಾಳಿ ತಡೆಯುವ ದೊಡ್ಡ ಗವಸು ಇರಲಿ. ದೇಹದ ಅರ್ಧದಷ್ಟು ಶಾಖ ತಲೆಯಿಂದಲೇ ಹೋಗುತ್ತದೆ ಎಂಬ ಮಾತು ನಿಜವಲ್ಲ. ತಲೆಯಿಂದ ಹೋಗುವುದು ಅದರ ವಿಸ್ತೀರ್ಣಕ್ಕೆ ತಕ್ಕಷ್ಟೇ. ಆದರೂ ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ಕೊನೆಯದಾಗಿ, ಉಡುಪಿನ ಪಟ್ಟಿಗಳಲ್ಲಿ ಅಪರೂಪಕ್ಕೆ ಕಾಣುವ ಒಂದು ವಸ್ತು: ಬೆಳಕನ್ನು ಹಿಂದಿರುಗಿಸುವ ಪುಟ್ಟ ಪ್ರತಿಫಲಕ. ಡಿಸೆಂಬರ್ ಕೊನೆಯಲ್ಲಿ ಹೆಲ್ಸಿಂಕಿಯ ಹಗಲು ಆರು ಗಂಟೆಗೂ ಕಡಿಮೆ, ಕಚೇರಿಗೆ ಹೋಗುವುದೂ ಬರುವುದೂ ಕತ್ತಲಲ್ಲೇ. ಕತ್ತಲಲ್ಲಿ ರಸ್ತೆಯಲ್ಲಿ ನಡೆಯುವವರು ಪ್ರತಿಫಲಕ ಧರಿಸಬೇಕೆಂದು ಅಲ್ಲಿನ ಸಂಚಾರ ಕಾನೂನೇ ಹೇಳುತ್ತದೆ. ಕಪ್ಪು ಕೋಟಿನ ಎರಡೂ ಬದಿಗೆ ತೂಗುಹಾಕಿದರೆ ಆಯಿತು.

ಇಷ್ಟು ಕಡಿಮೆ ಬಟ್ಟೆಯಲ್ಲಿ ವಾರ ಕಳೆಯುವುದು ಹೇಗೆ ಎಂಬುದಕ್ಕೆ ಅಲ್ಲಿನ ಮನೆಗಳೇ ಉತ್ತರ ಕೊಡುತ್ತವೆ. ಚಳಿಗಾಲದಲ್ಲಿ ಬಿಸಿಯಾದ ಮನೆಯೊಳಗಿನ ಗಾಳಿ ತೀರ ಒಣಗಿರುತ್ತದೆ. ರಾತ್ರಿ ಒಗೆದು ಹರವಿದ ತೆಳು ಬಟ್ಟೆ ಬೆಳಿಗ್ಗೆ ಒಣಗಿರುತ್ತದೆ. ನಮ್ಮ ಮಳೆಗಾಲದಲ್ಲಿ ಮೂರು ದಿನವಾದರೂ ಮುಗ್ಗಲು ವಾಸನೆ ಬಿಡದ ಬಟ್ಟೆಯನ್ನು ಕಂಡವರಿಗೆ ಇದು ದೊಡ್ಡ ನೆಮ್ಮದಿ. ಹಳೆಯ ವಸತಿ ಸಮುಚ್ಚಯಗಳಲ್ಲಿ ಎಲ್ಲ ಮನೆಗಳಿಗೂ ಸೇರಿದ ಬಟ್ಟೆ ಒಗೆಯುವ ಕೋಣೆ ಇರುತ್ತದೆ, ಸರದಿ ಹಿಡಿದು ಬಳಸಬೇಕು. ಹಾಗಾಗಿ ಚಡ್ಡಿ, ಕಾಲುಚೀಲದಂಥ ದಿನವೂ ಬದಲಿಸುವವು ವಾರಕ್ಕಾಗುವಷ್ಟು ಇರಲಿ, ಉಳಿದವುಗಳಲ್ಲಿ ಮಿತಿ ಇರಲಿ. ವಿದ್ಯಾರ್ಥಿಗಳ ಬಾಡಿಗೆ ಕೋಣೆಗಳಲ್ಲಿ ಕಪಾಟು ಚಿಕ್ಕದು. ದಪ್ಪ ಕೋಟುಗಳು ನಾಲ್ಕಿದ್ದರೆ ಅವುಗಳಿಗೇ ಜಾಗ ಸಾಲದು.

ಈ ಚಿಕ್ಕ ಸಂಗ್ರಹಕ್ಕೆ ಆಕ್ಷೇಪಗಳೂ ಇವೆ. ಮೊದಲನೆಯದು ಬೆಲೆಯದು, ಅದು ನ್ಯಾಯವಾದದ್ದೇ. ಮೆರಿನೊ ಬನಿಯನ್ನಿನ ಬೆಲೆಗೆ ಇಲ್ಲಿ ಹಲವು ಅಂಗಿ ಬರುತ್ತವೆ. ಮೊದಲ ತಿಂಗಳ ಬಾಡಿಗೆ, ಠೇವಣಿ ಕಟ್ಟಿದ ವಿದ್ಯಾರ್ಥಿಗೆ ಇದು ಹೊರೆ. ಒಂದು ಬೂಟಿಗೆ 150 ಯೂರೊ ಕೊಟ್ಟಿರಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 150 ದಿನ, ನಾಲ್ಕು ಚಳಿಗಾಲ ಬಾಳಿದರೆ ದಿನಕ್ಕೆ ಕಾಲು ಯೂರೊ ಬೀಳುತ್ತದೆ. 40 ಯೂರೊದ ಬೂಟು ಒಂದೇ ಚಳಿಗಾಲಕ್ಕೆ ನೀರು ಒಳಗೆ ಬಿಟ್ಟರೆ ದಿನದ ಖರ್ಚು ಅದಕ್ಕಿಂತ ಹೆಚ್ಚು, ಒದ್ದೆ ಪಾದದ ಕಷ್ಟ ಬೇರೆ. ಆದರೆ ಕೈಯಲ್ಲಿ 150 ಇಲ್ಲದವರಿಗೆ ಈ ಲೆಕ್ಕ ಹೇಳುವುದು ಸಮಾಧಾನವಾಗದು. ಅವರಿಗೆ ನಿಜವಾದ ದಾರಿ ಬಳಸಿದ ಬಟ್ಟೆಯ ಮಾರುಕಟ್ಟೆ. ‘ಕಿರ್ಪ್ಪುತೋರಿ’ ಎಂದು ಕರೆಯುವ ಹಳೆಸಾಮಾನಿನ ಅಂಗಡಿಗಳು, ಯುಎಫ್ಎಫ್ ಮಳಿಗೆಗಳು, ನಗರ ಪ್ರದೇಶದ ಮರುಬಳಕೆ ಕೇಂದ್ರ, ಹಿಯೆತಲಹ್ತಿ ಚೌಕದ ಸಂತೆ ಇವೆಲ್ಲ ಊರಿನ ದಿನನಿತ್ಯದ ಭಾಗ. ಸಂಬಳ ಚೆನ್ನಾಗಿರುವವರೂ ಅಲ್ಲಿ ನಿಸ್ಸಂಕೋಚವಾಗಿ ಕೊಳ್ಳುತ್ತಾರೆ. ಇನ್ನೊಬ್ಬರು ತೊಟ್ಟ ಬಟ್ಟೆಯ ಬಗ್ಗೆ ನಮ್ಮಲ್ಲಿ ಹಲವರಿಗೆ ಹಿಂಜರಿಕೆ ಇದೆ. ಒಳಉಡುಪು, ಕಾಲುಚೀಲ ಹೊಸದಿರಲಿ. ಕೋಟು, ಸ್ವೆಟರುಗಳಲ್ಲಿ ಈ ಮಡಿ ಬೇಡ. ಒಳ್ಳೆಯ ಉಣ್ಣೆ ಸ್ವೆಟರು ಹೊಸ ಅಕ್ರಿಲಿಕ್ಕಿನ ಬೆಲೆಗೇ ಅಲ್ಲಿ ಸಿಗುತ್ತದೆ.

ಎರಡನೆಯದು ಪ್ರಾಣಿಗಳ ಪ್ರಶ್ನೆ. ತುಪ್ಪಳ, ಚರ್ಮ, ಉಣ್ಣೆ ಮೂರರ ಹಿಂದೆಯೂ ಪ್ರಾಣಿ ಇದೆ. ಜೈನರಿಗೆ, ಅಹಿಂಸೆಯನ್ನು ವ್ರತವಾಗಿ ಹಿಡಿದ ಇತರರಿಗೆ ಇದು ನೆಪಮಾತ್ರದ ಆಕ್ಷೇಪವಲ್ಲ. ಉಣ್ಣೆಗಾಗಿ ಕುರಿಯನ್ನು ಕೊಲ್ಲಬೇಕಿಲ್ಲ ಎಂದರೂ ಆಸ್ಟ್ರೇಲಿಯದ ಮೆರಿನೊ ಕುರಿಗಳ ಹಿಂಭಾಗದ ಚರ್ಮ ಕೊಯ್ಯುವ ಪದ್ಧತಿ ಇಂದಿಗೂ ವಿವಾದದಲ್ಲಿದೆ. ಆ ಪದ್ಧತಿ ಇಲ್ಲದ ಉಣ್ಣೆಗೆ ಪ್ರಮಾಣಪತ್ರಗಳಿವೆ, ಚೀಟಿ ಓದಿ ಕೊಳ್ಳಬಹುದು. ಪೂರ್ತಿ ಬೇಡ ಎನ್ನುವವರಿಗೂ ಈ ಚಿಕ್ಕ ಸಂಗ್ರಹ ಸಾಧ್ಯ: ಪಾಲಿಯೆಸ್ಟರಿನ ಒಳಪದರ, ಫ್ಲೀಸು, ಸಿಂಥೆಟಿಕ್ ತುಂಬಿನ ಕೋಟು, ಚರ್ಮವಿಲ್ಲದ ಬೂಟು. ಬೇಗ ವಾಸನೆ ಹಿಡಿಯುವುದರಿಂದ ಒಳಪದರ ಐದಾರು ಬೇಕು, ಒಗೆದಾಗ ಸೂಕ್ಷ್ಮ ಪ್ಲಾಸ್ಟಿಕ್ ಎಳೆಗಳು ನೀರಿಗೆ ಸೇರುತ್ತವೆ. ಇಷ್ಟನ್ನು ಒಪ್ಪಿಕೊಂಡರೆ ಚಳಿಯ ದೃಷ್ಟಿಯಿಂದ ಅವರೇನೂ ಕಳೆದುಕೊಳ್ಳುವುದಿಲ್ಲ.

ದಿನವೂ ಅದೇ ಬಟ್ಟೆ ಬೇಸರವಲ್ಲವೇ, ನಮ್ಮ ಸೀರೆ ಕುರ್ತಾಗಳ ಗತಿಯೇನು ಎಂಬುದು ಮೂರನೆಯದು. ಬೀದಿಯಲ್ಲಿ ಎಲ್ಲರೂ ಕೋಟಿನೊಳಗೇ ಇರುತ್ತಾರೆ, ಒಳಗೆ ಬಂದ ಮೇಲೆ ಕಾಣುವುದು ನಡುವಿನ ಪದರ. ಅಂದವೆಲ್ಲ ಅಲ್ಲಿರಲಿ. 1951ರಲ್ಲಿ ಹುಟ್ಟಿದ ಫಿನ್‌ಲ್ಯಾಂಡಿನ ಮಾರಿಮೆಕ್ಕೊ ಸಂಸ್ಥೆಯ ‘ಯೊಕಪೊಯ್ಕ’ ಅಂಗಿಯನ್ನು ವುವೊಕ್ಕೊ ನುರ್ಮೆಸ್ನಿಯೆಮಿ ವಿನ್ಯಾಸ ಮಾಡಿದ್ದು 1956ರಲ್ಲಿ. ಅನ್ನಿಕ ರಿಮಾಲ ರೂಪಿಸಿದ, ಗಂಡು ಹೆಣ್ಣು ಮಕ್ಕಳೆಲ್ಲರೂ ತೊಡಬಹುದಾದ ಪಟ್ಟೆಪಟ್ಟೆಯ ‘ತಸರೈತ’ 1968ರದು. ಎರಡೂ ದಶಕಗಳಾಚೆಗೂ ಬಳಕೆಯಲ್ಲಿ ಉಳಿದಿವೆ. ಒಂದೇ ವಿನ್ಯಾಸವನ್ನು ವರ್ಷಗಟ್ಟಲೆ ಪ್ರೀತಿಯಿಂದ ತೊಡುವುದು ಆ ನಾಡಿಗೆ ಹೊಸತಲ್ಲ. ನಮ್ಮ ಖಾದಿ ಕುರ್ತಾ ಮೆರಿನೊ ಬನಿಯನ್ನಿನ ಮೇಲೆ ಚೆನ್ನಾಗಿ ಕೂರುತ್ತದೆ. ನವೆಂಬರಿನ ಒದ್ದೆ ದಿನಗಳಲ್ಲೇ ರಾಜ್ಯೋತ್ಸವ ಬರುತ್ತದೆ. ಉದ್ದ ತೋಳಿನ ತೆಳು ಉಣ್ಣೆಯ ಅಂಗಿಯೇ ರವಿಕೆಯಾಗಿ, ಲಂಗದೊಳಗೆ ಉಣ್ಣೆಯ ಒಳಚಡ್ಡಿ ತೊಟ್ಟು, ಇಳಕಲ್ಲೋ ಮೈಸೂರು ರೇಷ್ಮೆಯೋ ಉಟ್ಟು, ಸಭಾಂಗಣದವರೆಗೆ ಬೂಟಿನಲ್ಲಿ ಹೋಗಿ ಬಾಗಿಲಲ್ಲಿ ಬದಲಿಸಿದರೆ ಯಾವ ಕೊರತೆಯೂ ಇಲ್ಲ. ಎರಡು ಸೀರೆ ಒಯ್ಯಲು ಜಾಗ ಆಗುವುದೇ ನಾಲ್ಕು ಸ್ವೆಟರು ಬಿಟ್ಟಾಗ.

ಮಕ್ಕಳ ವಿಷಯದಲ್ಲಿ ಮಾತ್ರ ಈ ಲೆಕ್ಕ ಸ್ವಲ್ಪ ಸಡಿಲವಾಗಬೇಕು. ಅಲ್ಲಿನ ಶಿಶುವಿಹಾರಗಳು ಹಿಮವಿರಲಿ ಮಳೆಯಿರಲಿ ಮಕ್ಕಳನ್ನು ದಿನವೂ ಹೊರಗೆ ಆಡಿಸುತ್ತವೆ. ಮೈಪೂರ್ತಿ ಮುಚ್ಚುವ ಚಳಿಗಾಲದ ದಗಲೆ ಒಂದು, ನಡುಗಾಲದ್ದೊಂದು, ಕೆಸರಿಗೆ ರಬ್ಬರಿನಂಥ ಪ್ಯಾಂಟೊಂದು, ಗವಸು ಮೂರು ನಾಲ್ಕು ಜೊತೆ ಬೇಕಾಗುತ್ತದೆ. ಮಗು ವರ್ಷದೊಳಗೆ ಬೆಳೆದುಬಿಡುವುದರಿಂದ ಇವುಗಳನ್ನು ಬಳಸಿದ್ದನ್ನೇ ಕೊಂಡು ಮತ್ತೆ ಮಾರುವುದು ಅಲ್ಲಿನ ತಂದೆತಾಯಿಯರ ರೂಢಿ.

ಹಾಗಾದರೆ ಇಲ್ಲಿಂದ ಏನು ಒಯ್ಯಬೇಕು? ಆಗಸ್ಟಿನಲ್ಲಿ ಓದಲು ಹೋಗುವವರಿಗೆ ಅವಸರವಿಲ್ಲ. ಆಗ ಅಲ್ಲಿ ಹದಿನೈದಿಪ್ಪತ್ತು ಡಿಗ್ರಿ, ಗಟ್ಟಿ ಚಳಿಗೆ ಇನ್ನೂ ಮೂರು ತಿಂಗಳಿದೆ. ಮೈಗೆ ತಾಗುವ ಪದರ, ಒಂದು ಸ್ವೆಟರು, ಮಳೆ ತಡೆಯುವ ಒಳ್ಳೆಯ ಜಾಕೆಟ್ಟು ಇಲ್ಲಿಂದ ಸಾಕು; ಬೂಟು, ಕೋಟುಗಳನ್ನು ಅಲ್ಲಿನ ನೆಲ, ಗಾಳಿ ನೋಡಿಯೇ ಕೊಳ್ಳಿ. ಜನವರಿಯಲ್ಲಿ ಕೆಲಸಕ್ಕೆ ಇಳಿಯುವವರಿಗೆ ಆ ಸಮಯ ಸಿಗದು. ಅವರು ಬೆಚ್ಚನೆಯ ಬೂಟೊಂದನ್ನಾದರೂ ಕಾಲಲ್ಲಿ ಹಾಕಿಕೊಂಡೇ ವಿಮಾನ ಹತ್ತಬೇಕು, ಉಳಿದದ್ದಕ್ಕೆ ಕ್ರಿಸ್ಮಸ್ ನಂತರದ ರಿಯಾಯಿತಿ ಮಾರಾಟ ಕಾದಿರುತ್ತದೆ. ಅಲ್ಲಿನ ಕೆಲಸ ಮುಗಿಸಿ ಊರಿಗೆ ಮರಳುವ ಕನ್ನಡಿಗರಲ್ಲಿ ಒಂದು ವಿನಂತಿ: ಚಳಿಗಾಲದ ಕೋಟನ್ನೂ ಬೂಟನ್ನೂ ಬೆಂಗಳೂರಿನ ಬೀರುವಿನಲ್ಲಿ ಮಡಚಿಡಲು ಹೊತ್ತು ತರಬೇಡಿ. ಇಲ್ಲಿ ಅವಕ್ಕೆ ಒಂದು ದಿನದ ಕೆಲಸವೂ ಇಲ್ಲ. ಮುಂದಿನ ಆಗಸ್ಟಿನಲ್ಲಿ ಎಸ್ಪೊದ ಆಲ್ಟೊ ವಿಶ್ವವಿದ್ಯಾಲಯಕ್ಕೋ ಹೆಲ್ಸಿಂಕಿಗೋ ಬಂದಿಳಿಯುವ ಹುಡುಗ ಹುಡುಗಿಯರಿಗೆ ಒಗೆದು, ಜಿಪ್ ಸರಿಮಾಡಿಸಿ, ಕೊಟ್ಟು ಬನ್ನಿ.